ಮೋಸ ಆದಮೇಲೆ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ: ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಹತ್ತಿರ ಇರುವ ನನ್ನ ಮಾವನ ಫೋನಿಗೆ ಒಂದು ವಾಟ್ಸಾಪ್ ಮೆಸೇಜು ಬಂತು. ಮಲಯಾಳದಲ್ಲಿತ್ತು. ನಿಮ್ಮ ಬೈಕಿಗೆ ದಂಡ ಬಿದ್ದಿದೆ, ಫೋಟೋ ನೋಡಬೇಕಾದರೆ ಕೆಳಗಿನದ್ದನ್ನು ಒತ್ತಿ ಅಂತ. ಮಾವ ಕಲಿತದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡಲು ಬರುತ್ತದೆ, ಓದಲು ಅಷ್ಟಕ್ಕಷ್ಟೆ. ಮೇಲೆ ಸರ್ಕಾರಿ ಮುದ್ರೆಯಂಥದ್ದು ಕಂಡಿತು, ಬೈಕಿನ ನಂಬರೂ ಸರಿಯಾಗಿತ್ತು. ಒತ್ತಿದರು. ಏನೋ ಇನ್‌ಸ್ಟಾಲ್ ಆಯಿತು, ಏನೇನೋ ಕೇಳಿತು, ಎಲ್ಲದಕ್ಕೂ ಸರಿ ಅಂತ ಒತ್ತುತ್ತಾ ಹೋದರು. ಕೊನೆಗೆ ಫೋಟೋನೂ ಇಲ್ಲ, ಆ್ಯಪಿನ ಚಿತ್ರವೂ ಇಲ್ಲ. ಏನೂ ಆಗಲಿಲ್ಲ ಅಂದುಕೊಂಡು ಮಲಗಿದರು. ರಾತ್ರಿ ಹತ್ತೂವರೆಯ ಹೊತ್ತಿಗೆ ಖಾತೆಯಿಂದ ಎರಡು ಸಲಕ್ಕೆ 38,000 ರೂಪಾಯಿ ಹೋಗಿತ್ತು.

ಬೆಳಿಗ್ಗೆ ಭಾವ ಆ ಫೋನನ್ನು ಪೇಟೆಯ ಮೊಬೈಲ್ ಅಂಗಡಿಗೆ ಕೊಂಡುಹೋದ. ಅಂಗಡಿಯವರು ವೈರಸ್ ಬಂದಿದೆ ಅಂತ ಹೇಳಿ ಫಾರ್ಮ್ಯಾಟ್ ಮಾಡಿ ಕೊಟ್ಟರು. ಸಂಜೆ ನನ್ನ ಕೈಗೆ ಬಂದಾಗ ಫೋನು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಖಾಲಿ. ಆ ಮೆಸೇಜು ಇಲ್ಲ. ಕಳಿಸಿದವನ ನಂಬರಿಲ್ಲ. ಆ ಆ್ಯಪ್ ಇಲ್ಲ. ದೂರು ಕೊಡುವಾಗ ತೋರಿಸಲು ನಮ್ಮ ಕೈಯಲ್ಲಿ ಉಳಿದದ್ದು ಬ್ಯಾಂಕಿನ ಸ್ಟೇಟ್‌ಮೆಂಟ್ ಒಂದೇ.

ಕಳ್ಳ ನುಗ್ಗಿದ ಮನೆಯನ್ನು ಪೊಲೀಸರು ಬರುವ ಮೊದಲೇ ಯಾರಾದರೂ ಗುಡಿಸಿ ಸಾರಿಸುತ್ತಾರಾ? ಫಾರ್ಮ್ಯಾಟ್ ಅಂದರೆ ಅದೇ ಕೆಲಸ. ಇದನ್ನು ಹೇಳಬೇಕು ಅಂತಲೇ ಈ ಬರಹ. ಮೊದಲರ್ಧದಲ್ಲಿ ಫೋನಿಗೆ ಎಲ್ಲೆಲ್ಲಿ ಬೀಗ ಹಾಕಬೇಕು ಅಂತ ಹೇಳುತ್ತೇನೆ, ಇನ್ನರ್ಧದಲ್ಲಿ ಬೀಗ ಮುರಿದಮೇಲೆ ಏನು ಮಾಡಬೇಕು ಅಂತ. ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಹಾಗಾಗಿ ಅದನ್ನೇ ಹಿಡಿದು ಬರೆದಿದ್ದೇನೆ. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ಸ್ವಲ್ಪ ಆಚೀಚೆ ಆಗಬಹುದು. ಸೆಟ್ಟಿಂಗ್ಸ್ ತೆರೆದರೆ ಮೇಲೆ ಹುಡುಕುವ ಜಾಗ ಇದೆ, ಅಲ್ಲಿ ಹೆಸರು ಬರೆದರೆ ಸಿಗುತ್ತದೆ.

ಬೀಗದಿಂದ ಶುರು ಮಾಡಿ

ಹಲಸಿನ ಹಪ್ಪಳ ತಿಂದ ಕೈಯಲ್ಲಿ ಪ್ಯಾಟರ್ನ್ ಎಳೆದು, ಸ್ಕ್ರೀನ್ ಆರಿಸಿ, ಫೋನನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿ. ಎಣ್ಣೆಯ ಗೆರೆ ಎದ್ದು ಕಾಣುತ್ತದೆ. ಎಲ್ಲಿಂದ ಎಲ್ಲಿಗೆ ಎಳೆದಿರಿ ಅಂತ ಪಕ್ಕದಲ್ಲಿ ಕೂತ ಮಗುವೂ ಹೇಳಬಹುದು. ಅದಕ್ಕೇ ಪ್ಯಾಟರ್ನ್ ಬಿಟ್ಟುಬಿಡಿ, 6 ಅಂಕಿಯ ಪಿನ್ ಇಡಿ. 4 ಅಂಕಿಗೆ 10 ಸಾವಿರ ಸಾಧ್ಯತೆ, 6 ಅಂಕಿಗೆ 10 ಲಕ್ಷ. ಹುಟ್ಟಿದ ವರ್ಷ, ಬೈಕಿನ ನಂಬರು, ಒಂದೇ ಅಂಕಿಯ ಸಾಲು ಬೇಡ. ಎಟಿಎಂ ಪಿನ್ನೂ ಯುಪಿಐ ಪಿನ್ನೂ ಫೋನಿನ ಪಿನ್ನೂ ಒಂದೇ ಆಗಿದ್ದರೆ ಇವತ್ತೇ ಬದಲಾಯಿಸಿ.

ಬೆರಳಚ್ಚು ಇಟ್ಟುಕೊಳ್ಳಿ, ತೊಂದರೆಯಿಲ್ಲ. ಪೇಟೆಯಲ್ಲಿ ನಾಲ್ಕು ಜನರ ಎದುರು ಪಿನ್ ಒತ್ತುವುದಕ್ಕಿಂತ ಅದೇ ವಾಸಿ. ಆದರೆ ನಿದ್ದೆಯಲ್ಲಿರುವವರ ಬೆರಳನ್ನೂ ಫೋನಿಗೆ ಒತ್ತಿಸಬಹುದು ಅಲ್ವಾ. ಅಂಥ ಹೆದರಿಕೆ ಇದ್ದರೆ ಪವರ್ ಮೆನುವಿನಲ್ಲಿ ಲಾಕ್‌ಡೌನ್ ಅಂತ ಇರುತ್ತದೆ, ಅದನ್ನು ಒತ್ತಿದರೆ ಮುಂದಿನ ಸಲ ಪಿನ್ನೇ ಹಾಕಬೇಕು.

ಬೀಗದ ಪರದೆಯ ಮೇಲೆ ಮೆಸೇಜಿನ ಒಳಗಿನದ್ದು ಕಾಣದ ಹಾಗೆ ಮಾಡಿ. ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಇದೆ. ಇಲ್ಲದಿದ್ದರೆ ಬೀಗ ಹಾಕಿದ ಫೋನಿನ ಮೇಲೇ ಓಟಿಪಿ ತೇಲಿ ಬರುತ್ತದೆ. ಆಗ ಬೀಗ ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು ಒಳಗಿನ ಸಂಗತಿ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಹೊಸ ಫೋನುಗಳೆಲ್ಲ ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲೇ ಇಡಬೇಕು. ಆ ಲಿಪಿಯ ಕೀಲಿ ನಿಮ್ಮ ಪಿನ್ನಿಗೆ ಕಟ್ಟಿಕೊಂಡಿರುತ್ತದೆ. ಫೋನ್ ಆನ್ ಮಾಡಿ ಮೊದಲ ಸಲ ಪಿನ್ ಹಾಕುವ ತನಕ ಕೀಲಿ ಹೊರಗೆ ಬರುವುದಿಲ್ಲ, ಒಮ್ಮೆ ಹಾಕಿದಮೇಲೆ ಸ್ಕ್ರೀನ್ ಲಾಕ್ ಆಗಿದ್ದರೂ ಕೀಲಿ ಮೆಮರಿಯಲ್ಲೇ ಕೂತಿರುತ್ತದೆ. ಕದ್ದ ಫೋನಿನಿಂದ ಮಾಹಿತಿ ತೆಗೆಯುವವರಿಗೆ ಈ ಎರಡನೇ ಸ್ಥಿತಿಯೇ ಅನುಕೂಲ. ಹಾಗಾಗಿ ರಾತ್ರಿ ರೈಲಿನಲ್ಲಿ ಮಲಗುವ ಮೊದಲು ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಪಿನ್ ಹಾಕದೆ ಬಿಟ್ಟರೆ ಅದು ದೊಡ್ಡ ಕಾವಲು. ಮೂರು ದಿನ ಯಾರೂ ತೆರೆಯದಿದ್ದರೆ ಫೋನು ತಾನಾಗಿಯೇ ರೀಸ್ಟಾರ್ಟ್ ಆಗುವ ವ್ಯವಸ್ಥೆಯನ್ನು ಐಫೋನ್ ಮತ್ತು ಆಂಡ್ರಾಯ್ಡ್ ಎರಡೂ ತಂದದ್ದು ಇದೇ ಕಾರಣಕ್ಕೆ.

ಮೆಮರಿ ಕಾರ್ಡಿಗೆ ಮಾತ್ರ ಈ ಕಾವಲು ಸಾಮಾನ್ಯವಾಗಿ ಇರುವುದಿಲ್ಲ. ಅದರಲ್ಲಿ ಆಧಾರ್, ಪಾಸ್‌ಬುಕ್ಕಿನ ಫೋಟೋ ಇಡಬೇಡಿ.

ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ. ಸೆಕ್ಯುರಿಟಿ ಅಪ್‌ಡೇಟ್ ನಿಂತು ವರ್ಷಗಳಾದ ಹಳೇ ಫೋನಿನಲ್ಲಿ ಹಾಡು ಕೇಳಿ, ಬ್ಯಾಂಕಿನ ಆ್ಯಪ್ ಬೇಡ.

ಸಿಮ್: ಗಡಿಯವರು ಮರೆಯುವ ಬಾಗಿಲು

ನಮ್ಮಲ್ಲಿ ಎಷ್ಟೋ ಮಂದಿಗೆ ಎರಡು ಸಿಮ್. ಒಂದು ಇಲ್ಲಿಯದು, ಒಂದು ಮಂಗಳೂರಿನಲ್ಲಿ ಓದುವಾಗ ತೆಗೆದದ್ದು. ಓದು ಮುಗಿಯಿತು, ಆ ನಂಬರಿಗೆ ರೀಚಾರ್ಜ್ ನಿಂತಿತು, ಆದರೆ ಬ್ಯಾಂಕ್ ಖಾತೆಯೂ ಆಧಾರೂ ಇನ್ನೂ ಅದೇ ನಂಬರಿಗೆ ಜೋಡಣೆ. ರೀಚಾರ್ಜ್ ಇಲ್ಲದ ನಂಬರನ್ನು ಕಂಪನಿ ನಿಲ್ಲಿಸುತ್ತದೆ, ಸ್ವಲ್ಪ ಕಾಲ ಬಿಟ್ಟು ಬೇರೆ ಯಾರಿಗೋ ಕೊಡುತ್ತದೆ. ಆಮೇಲೆ ನಿಮ್ಮ ಓಟಿಪಿ ಹೋಗುವುದು ಅವರಿಗೆ. ಖಾತೆಗೆ ಯಾವ ನಂಬರು ಇದೆ ಅಂತ ಬ್ಯಾಂಕಿಗೆ ಹೋಗಿ ಒಮ್ಮೆ ಕೇಳಿ. ಹಳೇ ನಂಬರಾದರೆ ಅಲ್ಲೇ ಫಾರಂ ಬರೆದುಕೊಡಿ.

ಗಲ್ಫಿನಲ್ಲಿ ಮಗ ಇದ್ದಾನೆ, ಅವನ ಊರಿನ ಸಿಮ್ ಅಮ್ಮನ ಫೋನಿನಲ್ಲಿದೆ. ಮಗ ಅಲ್ಲಿಂದ ಕರೆ ಮಾಡಿ ಅಮ್ಮಾ, ಈಗೊಂದು ನಂಬರ್ ಬಂದಿದೆ ನೋಡು, ಓದಿ ಹೇಳು ಅನ್ನುತ್ತಾನೆ. ಅಮ್ಮ ಕನ್ನಡಕ ಹುಡುಕಿ ಒಂದೊಂದೇ ಅಂಕಿ ಓದುತ್ತಾರೆ. ಇದು ಮನೆಮನೆಯ ಕಥೆ. ಆದರೆ ಫೋನಿನಲ್ಲಿ ಓಟಿಪಿ ಓದಿ ಹೇಳುವುದು ಸಹಜ ಅಂತ ಆ ಅಮ್ಮನಿಗೆ ಅಭ್ಯಾಸ ಆಗಿಬಿಟ್ಟಿರುತ್ತದೆ, ಮೋಸಗಾರ ಕೇಳಿದಾಗಲೂ ಓದಿಬಿಡುತ್ತಾರೆ. ಮನೆಯವರೊಳಗೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಹಸುವಿನ ಹೆಸರೋ ತೋಟದ ಮರದ ಹೆಸರೋ. ಅದನ್ನು ಹೇಳದವರಿಗೆ ಅಂಕಿ ಇಲ್ಲ.

ಸಿಮ್ಮಿಗೂ ಪಿನ್ ಹಾಕಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಹುಡುಕಿ. ಹಾಕಿದರೆ ಕಳ್ಳ ನಿಮ್ಮ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಓಟಿಪಿ ಬರುವುದಿಲ್ಲ. ಒಂದು ಎಚ್ಚರ: 3 ಸಲ ತಪ್ಪು ಪಿನ್ ಒತ್ತಿದರೆ 8 ಅಂಕಿಯ ಪಿಯುಕೆ, ಅಂದರೆ ಸಿಮ್ಮಿನ ಬೀಗ ತೆರೆಯುವ ನಂಬರು ಕೇಳುತ್ತದೆ, ಅದನ್ನು 10 ಸಲ ತಪ್ಪಿದರೆ ಸಿಮ್ ಸತ್ತೇ ಹೋಗುತ್ತದೆ. ಹಾಗಾಗಿ ಮೊದಲು ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿ ಮೊದಲಿನ ಪಿನ್ ಮತ್ತು ಪಿಯುಕೆ ಕೇಳಿ ಬರೆದುಕೊಂಡು ಆಮೇಲೆ ಕೈಹಾಕಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ನನ್ನದಲ್ಲ ಅಂತ ಅಲ್ಲೇ ಗುರುತು ಹಾಕಿ.

ಎಪಿಕೆ: ಮಾವ ತೆರೆದ ಬಾಗಿಲು

ಎಪಿಕೆ ಅಂದರೆ ಪ್ಲೇ ಸ್ಟೋರ್ ಬಿಟ್ಟು ಬೇರೆ ದಾರಿಯಲ್ಲಿ ಬರುವ ಆ್ಯಪ್ ಫೈಲು. ಮದುವೆ ಕಾಗದ, ಚಲಾನ್, ಬ್ಯಾಂಕ್ ಕೆವೈಸಿ, ಕರೆಂಟ್ ಬಿಲ್ ಹೀಗೆ ನಾನಾ ವೇಷ. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಎಪಿಕೆ ಅಂತ ಇದ್ದರೆ ಅದು ಫೋಟೋನೂ ಅಲ್ಲ ಕಾಗದವೂ ಅಲ್ಲ. ಭಾಷೆ ಸರಿಯಾಗಿ ಓದಲು ಬಾರದಿದ್ದರೆ ಯಾರಿಂದಾದರೂ ಓದಿಸಿ. ನಮ್ಮ ಊರಲ್ಲಿ ಮಲಯಾಳ ಓದುವವರು ಪಕ್ಕದ ಮನೆಯಲ್ಲೇ ಇರುತ್ತಾರೆ, ಐದು ನಿಮಿಷದ ಕೆಲಸ.

ಇನ್‌ಸ್ಟಾಲ್ ಆದಕೂಡಲೇ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ಬರುವ ಓಟಿಪಿ ಎಲ್ಲ ಆಚೆ ಕಡೆಯವನಿಗೂ ಹೋಗುತ್ತದೆ. ಕೆಲವು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಇದು ಕಣ್ಣು ಕಾಣದವರಿಗೆ ನೆರವಾಗಲಿ ಅಂತ ಮಾಡಿದ ಸೌಲಭ್ಯ. ಸ್ಕ್ರೀನಿನ ಮೇಲಿರುವುದನ್ನೆಲ್ಲ ಓದಬಹುದು, ನಿಮ್ಮ ಪರವಾಗಿ ಗುಂಡಿ ಒತ್ತಬಹುದು. ಕಳ್ಳ ಆ್ಯಪಿನ ಕೈಗೆ ಸಿಕ್ಕಿದರೆ ಮನೆಯ ಕೀಲಿಗೊಂಚಲೇ ಕೊಟ್ಟ ಹಾಗೆ. ಆಮೇಲೆ ಆ್ಯಪ್ ತನ್ನ ಚಿತ್ರವನ್ನು ಅಡಗಿಸಿಕೊಂಡು ಸುಮ್ನೆ ಕೂರುತ್ತದೆ. ಮಾವನ ಫೋನಿನಲ್ಲಿ ಏನೂ ಆಗಲಿಲ್ಲ ಅಂತ ಕಂಡದ್ದು ಇದಕ್ಕೇ.

ಈಗಲೇ ಫೋನ್ ಕೈಗೆ ತೆಗೆದುಕೊಂಡು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ. ವಾಟ್ಸಾಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಯಾವುದರ ಎದುರೂ ಅನುಮತಿ ಇರಬಾರದು. ಎಲ್ಲ ಆಫ್. ನನ್ನ ಅನುಭವದಲ್ಲಿ ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ಅರ್ಧ ಕೆಲಸ ಆದಂತೆ. ಆಮೇಲೆ ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ ತೆರೆದು ಯಾವ ಆ್ಯಪಿಗೆ ನೋಟಿಫಿಕೇಶನ್ ಓದುವ ಹಕ್ಕಿದೆ, ಯಾವುದು ಬೇರೆ ಆ್ಯಪಿನ ಮೇಲೆ ತೇಲಬಹುದು, ಯಾವುದು ಡಿವೈಸ್ ಅಡ್ಮಿನ್ (ಫೋನಿನ ಮೇಲೆ ಯಜಮಾನಿಕೆ ಇರುವ ಆ್ಯಪ್) ಆಗಿದೆ ಅಂತ ಒಂದೊಂದಾಗಿ ನೋಡಿ. ಆಕ್ಸೆಸಿಬಿಲಿಟಿ ಬೇರೆಯೇ ಜಾಗದಲ್ಲಿದೆ, ಅದನ್ನೂ ನೋಡಿ. ಪ್ಲೇ ಸ್ಟೋರ್ ತೆರೆದು, ಕಳ್ಳ ಆ್ಯಪ್ ಹುಡುಕುವ ಕಾವಲಾದ ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ಅಂತ ನೋಡಿ, ಕಳ್ಳ ಆ್ಯಪ್ ಕಳಿಸುವವರು ಮೊದಲು ಇದನ್ನೇ ಆಫ್ ಮಾಡಿಸುತ್ತಾರೆ.

ಸ್ಕ್ರೀನಿನ ಮೇಲೆ ಮೂಲೆಯಲ್ಲಿ ಹಸಿರು ಚುಕ್ಕಿ ಕಂಡರೆ ಯಾವುದೋ ಆ್ಯಪ್ ಕ್ಯಾಮೆರಾ ಅಥವಾ ಮೈಕ್ ಬಳಸುತ್ತಿದೆ ಅಂತ ಅರ್ಥ. ಆಂಡ್ರಾಯ್ಡ್ 12ರಿಂದ ಬಂದದ್ದು. ನೀವು ಮಾತಾಡದೆ, ಫೋಟೋ ತೆಗೆಯದೆ ಆ ಚುಕ್ಕಿ ಬಂದರೆ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆಯಿರಿ, ಯಾವ ಆ್ಯಪ್ ಎಷ್ಟು ಹೊತ್ತಿಗೆ ಬಳಸಿತು ಅಂತ ತೋರಿಸುತ್ತದೆ.

ವಾಟ್ಸಾಪ್

ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, 6 ಅಂಕಿಯ ಪಿನ್. ಲಿಂಕ್ಡ್ ಡಿವೈಸಸ್ ತೆರೆದು ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ. ಅರ್ಜಿ ಹಾಕಲು, ಪ್ರಿಂಟ್ ತೆಗೆಯಲು ಅಕ್ಷಯ ಕೇಂದ್ರಕ್ಕೋ ಜೆರಾಕ್ಸ್ ಅಂಗಡಿಗೋ ಹೋದಾಗ ಅಲ್ಲಿ ಲಾಗಿನ್ ಮಾಡಿ ಮರೆತು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಆಧಾರ್ ಫೈಲು ಅಲ್ಲಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಅಳಿಸಿ ಅಂತ ಕೇಳಿ, ಎದುರೇ ನಿಂತು ಅಳಿಸಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಬೆರಳಚ್ಚು ಒತ್ತಿ ಹಣ ತೆಗೆಯುವ ಅಭ್ಯಾಸ ಇಲ್ಲದವರು ಆಧಾರ್‌ನ ಸರ್ಕಾರಿ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ, ಬೇಕಾದಾಗ ತೆರೆದರಾಯಿತು.

ಮನೆಯ ಫೋಟೋ ಕಳಿಸುವಾಗ ಒಂದು ಸಣ್ಣ ವ್ಯತ್ಯಾಸ ನೆನಪಿರಲಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ಜಾಗದ ವಿವರ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಮನೆ ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸುವಷ್ಟು. ಗುರುತಿಲ್ಲದವರಿಗೆ ಡಾಕ್ಯುಮೆಂಟ್ ಆಗಿ ಬೇಡ. ಆದರೆ ಪೊಲೀಸರಿಗೆ, ವಕೀಲರಿಗೆ ಸಾಕ್ಷ್ಯ ಕಳಿಸುವಾಗ ಉಲ್ಟಾ: ಡಾಕ್ಯುಮೆಂಟ್ ಆಗಿಯೇ ಕಳಿಸಿ, ವಿವರ ಉಳಿಯಬೇಕು.

ಮನೆಯೊಳಗಿನ ಖಾಸಗಿತನದ ಬಗ್ಗೆಯೂ ಒಂದು ಮಾತು. ಹೆಂಡತಿಯ ಫೋನಿಗೆ, ಸೊಸೆಯ ಫೋನಿಗೆ ಗೊತ್ತಾಗದ ಹಾಗೆ ನಿಗಾ ಇಡುವ ಆ್ಯಪ್ ಹಾಕಿಕೊಡಿ ಅಂತ ಕೇಳಿಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ನಾನು ಹಾಕಿಕೊಟ್ಟಿಲ್ಲ, ನೀವೂ ಹಾಕಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರಕ್ಕೇ ಇಣುಕಬೇಡ ಅಂದಮೇಲೆ ಮನೆಯವರು ಇಣುಕುವುದು ಯಾವ ನ್ಯಾಯ?

ರಿಪೇರಿಗೆ ಕೊಡುವ ಮೊದಲು

ಮೊಬೈಲ್ ಅಂಗಡಿಯ ಮೇಜಿನ ಮೇಲೆ ರಿಪೇರಿಗೆ ಬಂದ ಫೋನುಗಳ ಸಾಲು ನೋಡಿದ್ದೀರಾ? ಪ್ರತಿಯೊಂದರ ಬೆನ್ನಿಗೂ ಒಂದು ಬಿಳಿ ಸ್ಟಿಕ್ಕರು. ಅದರ ಮೇಲೆ ಹೆಸರು, ಸಿಗುವ ನಂಬರು, ಅದರ ಕೆಳಗೆ ಪೆನ್ನಿನಲ್ಲಿ ಬರೆದ ಪಿನ್. ಕೆಲವದರಲ್ಲಿ ಒಂಬತ್ತು ಚುಕ್ಕಿ ಇಟ್ಟು ಪ್ಯಾಟರ್ನಿನ ಗೆರೆ ಎಳೆದಿರುತ್ತಾರೆ. ಚಾರ್ಜರ್ ತೆಗೆದುಕೊಳ್ಳಲು ಬಂದವರಿಗೂ ಕಾಣುತ್ತದೆ.

ಬ್ಯಾಟರಿ, ಡಿಸ್‌ಪ್ಲೇ ಬದಲಾಯಿಸಲು ಪಿನ್ ಬೇಕಿಲ್ಲ. ಪರೀಕ್ಷೆ ಮಾಡಬೇಕು ಅಂದರೆ ನೀವೇ ನಿಂತು ತೆರೆದುಕೊಡಿ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಆನ್ ಮಾಡಿದರೆ ಫೋನು ನಡೆಯುತ್ತದೆ, ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ಸಿಮ್ ಮತ್ತು ಮೆಮರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಹಳೇ ಫೋನ್ ಮಾರುವಾಗ ಮಾತ್ರ ಫಾರ್ಮ್ಯಾಟ್ ಸರಿ. ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್.

ಮೋಸ ಆಯಿತು: ಮೊದಲ ಅರ್ಧ ಗಂಟೆ

ಈಗ ಮುಖ್ಯ ಭಾಗ. ಇದನ್ನು ಹೇಳಿದ ಕ್ರಮದಲ್ಲೇ ಮಾಡಿ.

ಮೊದಲು ಏರೋಪ್ಲೇನ್ ಮೋಡ್. ವೈಫೈ, ಬ್ಲೂಟೂತ್ ಕೆಲವೊಮ್ಮೆ ಹಾಗೇ ಉಳಿಯುತ್ತವೆ, ಅವನ್ನೂ ಕೈಯಾರೆ ಆಫ್ ಮಾಡಿ. ಕಳ್ಳ ಆ್ಯಪಿಗೂ ಅದರ ಯಜಮಾನನಿಗೂ ನಡುವಿನ ದಾರಿ ಕಡಿಯಿತು. ಇನ್ನೊಂದು ಲಾಭವೂ ಇದೆ. ವಾಟ್ಸಾಪಿನಲ್ಲಿ ಕಳಿಸಿದವನು ಎರಡು ದಿನಕ್ಕೂ ಜಾಸ್ತಿ ಹೊತ್ತು ತನ್ನ ಮೆಸೇಜನ್ನು ಎಲ್ಲರಿಗೂ ಅಳಿಸಬಹುದು. ನಿಮ್ಮ ಫೋನಿಗೆ ನೆಟ್ ಇಲ್ಲದಿದ್ದರೆ ಆ ಅಳಿಸುವ ಆಜ್ಞೆ ತಲುಪುವುದಿಲ್ಲ.

ಫೋನ್ ಆಫ್ ಮಾಡಬೇಡಿ. ಫಾರ್ಮ್ಯಾಟ್ ಮಾಡಬೇಡಿ. ಆ ಆ್ಯಪನ್ನೂ ಮೆಸೇಜನ್ನೂ ಅಳಿಸಬೇಡಿ. ಕಳಿಸಿದವನನ್ನು ಬ್ಲಾಕ್, ರಿಪೋರ್ಟ್ ಮಾಡಲು ಆತುರ ಬೇಡ, ಅದರ ಜೊತೆಗೇ ಚಾಟ್ ಅಳಿಸುವ ಆಯ್ಕೆಯೂ ಬಂದು ಕೈತಪ್ಪಿ ಒತ್ತಿಹೋಗುತ್ತದೆ.

ಸಿಮ್ ತೆಗೆದು ಮನೆಯಲ್ಲಿರುವ ಹಳೇ ಬಟನ್ ಫೋನಿಗೆ ಹಾಕಿ. ಇದು ನನಗೆ ಬಹಳ ಉಪಯೋಗಕ್ಕೆ ಬಂದ ಉಪಾಯ. ಕಳ್ಳ ಆ್ಯಪ್ ಸ್ಮಾರ್ಟ್‌ಫೋನಿನಲ್ಲೇ ಉಳಿಯಿತು, ಓಟಿಪಿ ಬರುವುದು ಬಟನ್ ಫೋನಿಗೆ. ಇನ್ನು ಅವನ ಕೈಗೆ ಸಿಗುವುದಿಲ್ಲ.

ಅದೇ ಬಟನ್ ಫೋನಿನಿಂದ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ಮೋಸದ ಸಹಾಯವಾಣಿ. ಹಣ ಹೋದ ಖಾತೆ, ಮೊತ್ತ, ಹೊತ್ತು, ಯುಪಿಐ ಆದರೆ 12 ಅಂಕಿಯ ಟ್ರಾನ್ಸಾಕ್ಷನ್ ನಂಬರು ಇಷ್ಟನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಲ್ಲೋ ಒಂದು ಖಾತೆಯಲ್ಲಿ ನಿಂತಿರುವಾಗಲೇ ತಡೆ ಹಾಕಿಸುವುದು ಈ ಕರೆಯ ಉದ್ದೇಶ. ಮಾವ ಮರುದಿನ ಸಂಜೆ ಕರೆ ಮಾಡಿದರು, ಅಷ್ಟರಲ್ಲಿ ಹಣ ಖಾತೆಗಳನ್ನು ದಾಟಿ ಆಗಿತ್ತು. ಕರೆ ತೆಗೆದವರ ಮಲಯಾಳ ನಿಮಗೆ ಕಷ್ಟ ಆದರೆ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕರೆ ಮಾಡಿ.

ಆಮೇಲೆ ಬ್ಯಾಂಕಿಗೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನುವಂಥ ಮೋಸದಲ್ಲಿ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ತಪ್ಪು ನಿಮ್ಮದೇ ಆಗಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದಮೇಲೆ ಹೋದದ್ದಕ್ಕೆ ಬ್ಯಾಂಕು ಹೊಣೆ. ತಿಳಿಸಿದ ಹೊತ್ತು ದಾಖಲೆಯಲ್ಲಿರಲಿ, ದೂರಿನ ನಂಬರು ಕೇಳಿ ಪಡೆಯಿರಿ.

ಕೊನೆಗೆ ಪಾಸ್‌ವರ್ಡುಗಳು. ಗೂಗಲ್ ಖಾತೆಯದ್ದು ಮೊದಲು. ಅದೇ ಫೋನಿನಲ್ಲಿ ಬದಲಾಯಿಸಬೇಡಿ, ಬೇರೆ ಫೋನಿನಿಂದ ಮಾಡಿ.

ಸಾಕ್ಷ್ಯ ಕೂಡಿಡುವುದು

ಅಳಿಸಿದ ಮೆಸೇಜನ್ನು ಲ್ಯಾಬಿನವರು ತೆಗೆಯುತ್ತಾರಂತೆ, ಹಾಗಾದರೆ ಫಾರ್ಮ್ಯಾಟ್ ಮಾಡಿದ್ದನ್ನೂ ತೆಗೆಯಬಹುದಲ್ವಾ ಅಂತ ಭಾವ ಕೇಳಿದ. ಎರಡೂ ಒಂದೇ ಅಲ್ಲ. ಫೋನಿನಲ್ಲಿ ಮೆಸೇಜುಗಳು ಒಂದು ದೊಡ್ಡ ಲೆಕ್ಕದ ಪುಸ್ತಕದ ಹಾಗೆ ಇರುತ್ತವೆ. ಒಂದು ಮೆಸೇಜ್ ಅಳಿಸಿದರೆ ಆ ಸಾಲು ಖಾಲಿ ಇದೆ, ಬೇಕಾದರೆ ಬರೆಯಬಹುದು ಅಂತ ಗುರುತು ಬೀಳುತ್ತದೆ ಅಷ್ಟೆ. ಅದರ ಮೇಲೆ ಹೊಸದು ಬರೆಯುವ ತನಕ ಹಳೇ ಅಕ್ಷರ ಅಲ್ಲೇ ಇರಬಹುದು, ಲ್ಯಾಬಿನಲ್ಲಿ ಸಿಗಲೂಬಹುದು. ಫೋನ್ ಬಳಸುತ್ತಾ ಹೋದಷ್ಟೂ ಆ ಅವಕಾಶ ಕಮ್ಮಿ ಆಗುತ್ತದೆ. ಫಾರ್ಮ್ಯಾಟ್ ಮಾಡಿದಾಗ ಆಗುವುದೇ ಬೇರೆ. ಮೇಲೆ ಹೇಳಿದೆನಲ್ಲ, ಎಲ್ಲ ಗೂಢಲಿಪಿಯಲ್ಲಿದೆ ಅಂತ. ಫಾರ್ಮ್ಯಾಟ್ ಅಂದರೆ ಆ ಲಿಪಿಯ ಕೀಲಿಯನ್ನೇ ನಾಶ ಮಾಡುವುದು. ಕೀಲಿ ಹೋದಮೇಲೆ ಉಳಿದದ್ದು ಅರ್ಥವಿಲ್ಲದ ಅಕ್ಷರರಾಶಿ, ಯಾವ ಲ್ಯಾಬಿನವರೂ ಅದನ್ನು ಓದಲಾರರು.

ಹಾಗಾಗಿ ಫೋನನ್ನು ಹಾಗೇ ಇಟ್ಟು ಹೀಗೆ ಮಾಡಿ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ವಿಡಿಯೋ ಶುರು ಮಾಡಿ. ಮೊದಲು ಆ ದಿನದ ಪತ್ರಿಕೆಯನ್ನೋ ಗಡಿಯಾರವನ್ನೋ ತೋರಿಸಿ. ಆಮೇಲೆ ಮೋಸ ಹೋದ ಫೋನನ್ನು ತೆರೆದು, ಚಾಟಿಗೆ ಹೋಗಿ, ಮೇಲಿನ ಹೆಸರು ಒತ್ತಿ ಪೂರ್ತಿ ನಂಬರು ತೋರಿಸಿ, ವಾಪಸ್ ಬಂದು ಮೆಸೇಜುಗಳನ್ನು ನಿಧಾನಕ್ಕೆ ಮೇಲಿಂದ ಕೆಳಗೆ ಉರುಳಿಸಿ. ಎಲ್ಲೂ ಕತ್ತರಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಆದರೆ ನಂಬರಿನ ಬದಲು ಹೆಸರು ಮಾತ್ರ ಇರುತ್ತದೆ, ಯಾರು ಬೇಕಾದರೂ ಸೃಷ್ಟಿಸಬಹುದು ಅಂತ ಆಚೆಯವರು ಹೇಳುತ್ತಾರೆ.

ಮೋಸಗಾರನ ನಂಬರನ್ನು ಯಾವ ಹೆಸರಿನಲ್ಲೂ ಸೇವ್ ಮಾಡಬೇಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿದಾಗ ನಂಬರಿನ ಜಾಗದಲ್ಲಿ ಆ ಹೆಸರೇ ಬರುತ್ತದೆ, ನಂಬರು ಕಾಣದೆ ಹೋಗುತ್ತದೆ.

ಎಪಿಕೆ ಫೈಲು ಬಹಳ ಬೆಲೆಬಾಳುವ ಸಾಕ್ಷ್ಯ. ಓಟಿಪಿಗಳು ಯಾವ ನಂಬರಿಗೆ, ಯಾವ ಸರ್ವರಿಗೆ ಹೋಗುತ್ತಿದ್ದವು ಅನ್ನುವುದು ಎಷ್ಟೋ ಸಲ ಆ ಫೈಲಿನೊಳಗೇ ಸಿಗುತ್ತದೆ. ಫೈಲ್ಸ್ ಆ್ಯಪಿನಲ್ಲಿ ವಾಟ್ಸಾಪ್ ಡಾಕ್ಯುಮೆಂಟ್ಸ್ ಫೋಲ್ಡರ್ ಹುಡುಕಿ, ಕೇಬಲ್ ಹಾಕಿ ಕಂಪ್ಯೂಟರಿಗೆ ನಕಲು ಮಾಡಿ. ಒತ್ತಿ ತೆರೆಯಬೇಡಿ.

ಈಗ ಹ್ಯಾಶ್. ಒಂದು ಫೈಲಿನ ಬೆರಳಚ್ಚು ಅಂದುಕೊಳ್ಳಿ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಸೆವೆನ್ ಜಿಪ್ ಅನ್ನುವ ಉಚಿತ ತಂತ್ರಾಂಶ ಹಾಕಿದ್ದರೆ, ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಸಿಆರ್‌ಸಿ ಎಸ್‌ಎಚ್‌ಎ ಅನ್ನುವಲ್ಲಿ ಎಸ್‌ಎಚ್‌ಎ 256 ಒತ್ತಿ. 64 ಅಕ್ಷರದ ಒಂದು ಸಾಲು ಬರುತ್ತದೆ. ಅದನ್ನು ದಿನಾಂಕ, ಹೊತ್ತು, ಫೈಲಿನ ಹೆಸರಿನ ಜೊತೆ ಬರೆದಿಡಿ. ಆರು ತಿಂಗಳ ಮೇಲೆ ಫೈಲು ತಿದ್ದಿದ್ದೀರಿ ಅಂತ ಯಾರಾದರೂ ಹೇಳಿದರೆ ಉತ್ತರ ಅಲ್ಲಿರುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ ಕೋರ್ಟು ಕೇಳುತ್ತದೆ. ಈ ಪಾಠ ನಮ್ಮ ರಾಜ್ಯದ ಕೇಸಿನಿಂದಲೇ ಬಂದದ್ದು. ಮಲಪ್ಪುರಂ ಜಿಲ್ಲೆಯ ಎರನಾಡ್ ಕ್ಷೇತ್ರದ 2011ರ ಚುನಾವಣೆಯ ಬಗ್ಗೆ ಪಿ.ವಿ. ಅನ್ವರ್ ಹಾಕಿದ ಕೇಸಿನಲ್ಲಿ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಕೊಟ್ಟಿದ್ದರು. ಕಾನೂನು ಹೇಳಿದ ಪ್ರಮಾಣಪತ್ರ ಅದರ ಜೊತೆ ಇರಲಿಲ್ಲ, ಹಾಗಾಗಿ ಒಪ್ಪಲಾಗದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರಲ್ಲಿ ಮಹಾರಾಷ್ಟ್ರದ ಅರ್ಜುನ್ ಖೋತ್ಕರ್ ಕೇಸಿನಲ್ಲಿ ಇನ್ನೊಂದು ಮಾತು ಬಂತು: ಮೂಲ ಸಾಧನವನ್ನೇ ಅದರ ಯಜಮಾನ ತಂದು, ಇದು ನನ್ನದು ಅಂತ ಸಾಕ್ಷಿ ಹೇಳಿದರೆ ಪ್ರಮಾಣಪತ್ರ ಬೇಡ. ಅವೆರಡೂ ಹಳೇ ಸಾಕ್ಷ್ಯ ಕಾಯ್ದೆಯ ಕಾಲದವು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಅದರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗ, ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಬರೆಯಲು ಅದರಲ್ಲೇ ಜಾಗ ಇದೆ. ಮಾವನ ಫೋನು ಹಾಗೇ ಉಳಿದಿದ್ದರೆ ಆ ಮೂಲವೇ ನಮ್ಮ ಕೈಯಲ್ಲಿರುತ್ತಿತ್ತು.

ದೂರು: ಯಾವ ಠಾಣೆ, ಯಾವ ಭಾಷೆ

1930ಕ್ಕೆ ಹೇಳಿದಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಪೂರ್ತಿ ಮಾಡಿ. ಅಲ್ಲಿ ಸಿಗುವ ನಂಬರು ಎಫ್‌ಐಆರ್ ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಆ ನಂಬರು ಹಿಡಿದುಕೊಂಡು ಠಾಣೆಗೆ ಹೋಗಬೇಕು.

ಮನೆ ಮಂಜೇಶ್ವರ, ಬ್ಯಾಂಕು ಮಂಗಳೂರು, ಕೆಲಸ ತೊಕ್ಕೊಟ್ಟು. ಮೋಸ ಆದದ್ದು ಎಲ್ಲಿ? ತಲಪಾಡಿ ಗಡಿಯ ಆಚೆ ಈಚೆ ಅಂತ ಓಡಾಡಿಸಿದರೆ ಝೀರೋ ಎಫ್‌ಐಆರ್ ಅಂತ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ಆಗಿದ್ದರೂ ಮಾಹಿತಿ ಕೊಡಬಹುದು, ಅವರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಮಿಂಚಂಚೆಯಂಥ ದಾರಿಯಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಭಾಷೆಯ ಬಗ್ಗೆ ಅಳುಕು ಬೇಡ. ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಆದರೆ ನಮ್ಮ ದೂರಿನ ಭಾಷೆ ಕನ್ನಡವಾಗಿರಬಹುದು. ಮಾವನ ದೂರನ್ನು ನಾವು ಕನ್ನಡದಲ್ಲೇ ಬರೆದೆವು. ಹಣ ಹೋದ ಬೇಸರದಲ್ಲಿರುವ ಮನುಷ್ಯ ಅರ್ಧಂಬರ್ಧ ಗೊತ್ತಿರುವ ಭಾಷೆಯಲ್ಲಿ ಬರೆದರೆ ಹೊತ್ತು, ಕ್ರಮ, ಮೊತ್ತ ಎಲ್ಲ ಕಲಸಿಹೋಗುತ್ತದೆ. ಮಲಯಾಳದ ಅನುವಾದ ಜೊತೆಗೆ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ, ಅಷ್ಟೆ.

ಫೋನನ್ನು ಪೊಲೀಸರಿಗೆ ಕೊಡಬೇಕಾಗಿ ಬಂದರೆ ಐಎಂಇಐ, ಅಂದರೆ ಆ ಫೋನಿನದ್ದೇ ಗುರುತಿನ ನಂಬರು ಬರೆದ ರಶೀದಿ ಕೇಳಿ ಪಡೆಯಿರಿ.

ಫೋನೇ ಕಳೆದುಹೋದರೆ

ಬೇರೆ ಫೋನಿನಿಂದ ಗೂಗಲ್‌ನ ಫೈಂಡ್ ಹಬ್ ತೆರೆದು ಲಾಕ್ ಮಾಡಿ. ಪೂರ್ತಿ ಅಳಿಸುವ ಗುಂಡಿ ಕೊನೆಗಿರಲಿ, ಅಳಿಸಿದಮೇಲೆ ಫೋನ್ ಎಲ್ಲಿದೆ ಅಂತ ನೋಡಲು ಆಗುವುದಿಲ್ಲ. ಬ್ಯಾಂಕಿಗೆ ಹೇಳಿ, ಸಿಮ್ ನಿಲ್ಲಿಸಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಪೊಲೀಸ್ ದೂರು ಕೊಡಿ, ಕೇರಳದಲ್ಲಿ ತುಣ ಅನ್ನುವ ಪೊಲೀಸ್ ತಾಣದಲ್ಲೂ ಕೊಡಬಹುದು. ಆ ದೂರಿನ ಪ್ರತಿ ಮತ್ತು ಐಎಂಇಐ ಹಿಡಿದು ಸಂಚಾರ್ ಸಾಥಿಯಲ್ಲಿ ಕಳೆದ ಫೋನುಗಳಿಗಾಗಿ ಇರುವ ಸಿಇಐಆರ್ ವಿಭಾಗದಲ್ಲಿ ಬ್ಲಾಕ್ ಮಾಡಿಸಿ, ದೇಶದ ಯಾವ ನೆಟ್‌ವರ್ಕಿನಲ್ಲೂ ಆ ಫೋನು ನಡೆಯುವುದಿಲ್ಲ. ಓಟಿಪಿ ಬರಲು ಹೊಸ ಸಿಮ್ ಬೇಕು, ಅದಕ್ಕೇ ಸಿಮ್ ಮೊದಲು. ಫೋನ್ ಸಿಕ್ಕಿದಮೇಲೆ ಅದೇ ತಾಣದಲ್ಲಿ ಅನ್‌ಬ್ಲಾಕ್ ಮಾಡಲು ಮರೆಯಬೇಡಿ.

ಐಎಂಇಐ ನಂಬರು ಫೋನ್ ಕಳೆದಮೇಲೆ ಎಲ್ಲಿ ಹುಡುಕುತ್ತೀರಿ? ಇವತ್ತೇ *#06# ಒತ್ತಿ, ಬರುವ 15 ಅಂಕಿ ಬರೆದಿಡಿ. ಎರಡು ಸಿಮ್ಮಿನ ಫೋನಾದರೆ ಎರಡು ನಂಬರು. ಮಾವನ ಮನೆಯ ಅಡುಗೆಕೋಣೆಯ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುಹಾಕಿದ ಮೊಳೆಗೆ ಈಗ ಒಂದು ರಟ್ಟು ನೇತಾಡುತ್ತಿದೆ. ದಪ್ಪ ಅಕ್ಷರದಲ್ಲಿ 1930. ಕೆಳಗೆ ಬ್ಯಾಂಕಿನ ತುರ್ತು ನಂಬರು, ಖಾತೆಯ ಕೊನೆಯ ನಾಲ್ಕು ಅಂಕಿ, ಮನೆಯ ಮೂರು ಫೋನುಗಳ ಐಎಂಇಐ, ಸಿಮ್ಮಿನ ಪಿಯುಕೆ. ಎಲ್ಲದಕ್ಕಿಂತ ಕೆಳಗೆ ಅತ್ತೆ ತಾವೇ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: ಮೊದಲು ಏರೋಪ್ಲೇನ್, ಅಂಗಡಿಗೆ ಕೊಡಬಾರದು.